ಬಿದ್ದು ಹೋಗುವ ಹಲ್ಲಿಗೆ ಮೂರು ವರ್ಷ ಓದಬೇಕಾ?

ಪ್ರಶ್ನೆ: ನಾನು ಬಿಡಿಎಸ್ (ದಂತವೈದ್ಯ ಪದವಿ) ಮುಗಿಸಿ ಈಗ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಊರು ಹಾಸನ ಜಿಲ್ಲೆಯ ಒಂದು ಹಳ್ಳಿ. ಮಕ್ಕಳ ಹಲ್ಲಿನ ವಿಭಾಗದಲ್ಲಿ ಪೋಸ್ಟಿಂಗ್ ಇದ್ದಾಗ ಆ ಕೆಲಸ ತುಂಬಾ ಇಷ್ಟವಾಯಿತು. ಅದರಲ್ಲೇ ಎಂಡಿಎಸ್ (ಸ್ನಾತಕೋತ್ತರ ಪದವಿ) ಮಾಡಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ ‘ಬಿದ್ದು ಹೋಗೋ ಹಲ್ಲಿಗೆ ಮೂರು ವರ್ಷ ಓದಬೇಕಾ?’ ಅನ್ನುತ್ತಾರೆ. ಸೀನಿಯರ್‌ಗಳು ‘ಆರ್ಥೋ (ವಕ್ರ ಹಲ್ಲು ಸರಿಪಡಿಸುವ ವಿಭಾಗ) ತಗೋ, ಇಲ್ಲಾಂದ್ರೆ ಎಂಡೋ (ರೂಟ್ ಕೆನಾಲ್ ವಿಭಾಗ) ತಗೋ’ ಅನ್ನುತ್ತಾರೆ. ನನಗೆ ಪಾಠ ಮಾಡುವುದೂ ಇಷ್ಟ, ಹಳ್ಳಿ ಶಾಲೆಗಳಿಗೆ ಕ್ಯಾಂಪ್ ಹೋಗುವುದೂ ಇಷ್ಟ. ಚಿಕಿತ್ಸೆ, ಪಾಠ, ಕ್ಯಾಂಪ್ ಮೂರನ್ನೂ ಒಬ್ಬರೇ ನಿಭಾಯಿಸಬಹುದಾ ಮೇಡಂ? ನಿಮ್ಮ ಅನುಭವ ಹೇಳಿ.

ಉತ್ತರ: ಮೊದಲು ಮನೆಯವರ ಮಾತಿಗೆ ಉತ್ತರ ಕೊಟ್ಟುಬಿಡೋಣ. ಇದು ನಿಮ್ಮ ಮನೆಯಲ್ಲಿ ಮಾತ್ರ ಕೇಳುವ ಮಾತಲ್ಲ. ನನ್ನ ಹತ್ತಿರ ಮೊಮ್ಮಕ್ಕಳನ್ನು ಕರೆದುಕೊಂಡು ಬರುವ ಅಜ್ಜಿಯರು ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳುತ್ತಾರೆ: ‘ಹಾಲುಹಲ್ಲು ತಾನೇ ಡಾಕ್ಟ್ರಮ್ಮ, ಬಿದ್ದು ಹೋಗುತ್ತಲ್ವಾ?’

ಬಿದ್ದು ಹೋಗುತ್ತದೆ, ನಿಜ. ಯಾವಾಗ ಅನ್ನುವುದೇ ಪ್ರಶ್ನೆ. ಹಾಲುಹಲ್ಲು ಒಟ್ಟು 20. ಆರು ತಿಂಗಳ ಹೊತ್ತಿಗೆ ಬರಲು ಶುರುವಾಗಿ, ಎರಡೂವರೆ ಮೂರು ವರ್ಷಕ್ಕೆ ಎಲ್ಲವೂ ಬಂದಿರುತ್ತವೆ. ಆರು ವರ್ಷಕ್ಕೆ ಉದುರಲು ಶುರುವಾಗುವುದು ಮುಂದಿನ ಹಲ್ಲುಗಳು. ಹಿಂದಿನ ದವಡೆ ಹಾಲುಹಲ್ಲುಗಳು ಹತ್ತು, ಹನ್ನೊಂದು, ಕೆಲವರಿಗೆ ಹನ್ನೆರಡು ವರ್ಷದವರೆಗೂ ಇರಬೇಕು. ನಾಲ್ಕು ವರ್ಷದ ಮಗುವಿಗೆ ದವಡೆ ಹಲ್ಲು ಹುಳುಕಾದರೆ, ಇನ್ನೂ ಆರೇಳು ವರ್ಷ ಅದೇ ಹಲ್ಲಿನಲ್ಲಿ ಅಗಿಯಬೇಕು. ಆರೇಳು ವರ್ಷ ನೋವಿನಲ್ಲಿ ಊಟ ಮಾಡು ಅಂತ ದೊಡ್ಡವರಿಗೆ ಯಾರಾದರೂ ಹೇಳುತ್ತೇವಾ?

ಸುಮ್ನೆ ಕಿತ್ತು ಹಾಕಿದರೆ ಇನ್ನೊಂದು ತೊಂದರೆ. ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಕೆಳಗಿಂದ ಬರಬೇಕಾದ ಹಲ್ಲಿಗೆ ಜಾಗ ಸಾಲದೆ ಅದು ಒಳಗೋ ಹೊರಗೋ ಬರುತ್ತದೆ. ಕಿತ್ತುಹಾಕದೆ ಹಾಗೇ ಬಿಟ್ಟರೆ, ಬೇರಿನ ಬುಡದಲ್ಲಿ ಕೀವು ನಿಂತು, ಅಲ್ಲೇ ಬೆಳೆಯುತ್ತಿರುವ ಹೊಸ ಹಲ್ಲಿನ ಮೇಲೆ ಕಲೆಯೋ ಗುಳಿಯೋ ಬೀಳಬಹುದು. ಮತ್ತೆ, ಆರನೇ ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ ನೋಡಿ, ಅದು ಯಾವ ಹಾಲುಹಲ್ಲನ್ನೂ ಬೀಳಿಸದೆ ಸದ್ದಿಲ್ಲದೆ ಬಂದು ಕೂರುತ್ತದೆ. ಅಪ್ಪ ಅಮ್ಮ ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಎಂಟನೇ ವರ್ಷಕ್ಕೇ ಅದು ಅರ್ಧ ಕರಗಿರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇದನ್ನೆಲ್ಲ ನಿಮ್ಮ ಅಪ್ಪನಿಗೆ ಓದಿ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿರುವ ಲೆಕ್ಕವನ್ನೂ ಹೇಳಿ. ಹಾಲುಹಲ್ಲು ಹುಳುಕಾಗಿ ಚಿಕಿತ್ಸೆ ಸಿಗದ ಮಕ್ಕಳು ಪ್ರಪಂಚದಲ್ಲಿ ಸುಮಾರು 51 ಕೋಟಿ. ಓದಲು ಮೂರು ವರ್ಷ ಸಾಕಾ ಅಂತ ಅವರೇ ಕೇಳಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಬೆಳಗ್ಗೆ ಕಾಲೇಜು, ಸಂಜೆ ಕ್ಲಿನಿಕ್, ತಿಂಗಳಲ್ಲಿ ಕೆಲವು ದಿನ ಹಳ್ಳಿ ಅಂತ ಓಡಾಡಿದ್ದೇನೆ. ಮೂರೂ ಬೇರೆ ಬೇರೆ ಕೆಲಸ ಅಂತ ಮೊದಮೊದಲು ನನಗೂ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಮೂರರಲ್ಲೂ ನಾನು ನೋಡುವುದು ಒಂದೇ ವಿಷಯ: ಎರಡನೇ ಸಲ ಏನಾಯಿತು? ಮಗು ಎರಡನೇ ಸಲ ಬಂದಾಗ ಬಾಯಿ ತೆರೆಯಿತಾ? ವಿದ್ಯಾರ್ಥಿ ಎರಡನೇ ಸಲ ಅದೇ ತಪ್ಪು ಮಾಡಿದನಾ? ಅದೇ ಶಾಲೆಗೆ ನಾವು ಎರಡನೇ ಸಲ ಹೋದೆವಾ?

ಇದನ್ನು ನನಗೆ ಕಲಿಸಿದ್ದು ನನ್ನದೇ ಒಂದು ತಪ್ಪು. ಆಗ ನಾನು ಕೆಲಸಕ್ಕೆ ಹೊಸಬಳು. ಐದು ವರ್ಷದ ಹುಡುಗಿ, ಹಲ್ಲಿನಲ್ಲಿ ಕೀವಾಗಿತ್ತು, ಕೀಳಬೇಕಿತ್ತು. ಹೊರಗೆ ಸಾಲು ಇತ್ತು. ಮಗು ಅಳುತ್ತಿತ್ತು. ಅಮ್ಮ ಕೈ ಹಿಡಿದರು, ಆಯಾ ಕಾಲು ಹಿಡಿದರು, ನಾನು ಕಿತ್ತೆ. ಎರಡು ನಿಮಿಷದ ಕೆಲಸ. ಬೇಗ ಮುಗಿಸಿದೆ ಅಂತ ಸಮಾಧಾನವೂ ಆಯಿತು. ಆರು ವರ್ಷ ಕಳೆದ ಮೇಲೆ ಅದೇ ಹುಡುಗಿ ಬಂದಳು. ಹನ್ನೊಂದು ವರ್ಷ. ಕೆಳಗಿನ ಎರಡೂ ಕಡೆ ಆರನೇ ವರ್ಷದ ದವಡೆ ಹಲ್ಲು ಹಾಳಾಗಿತ್ತು. ‘ಅವತ್ತಿಂದ ಹಲ್ಲಿನ ಆಸ್ಪತ್ರೆ ಅಂದ್ರೆ ಮನೆಯಿಂದ ಆಚೆ ಬರ್ತಿರಲಿಲ್ಲ ಮೇಡಂ, ನೋವು ಬಂದ್ರೂ ನಮಗೆ ಹೇಳ್ತಿರಲಿಲ್ಲ’ ಅಂದರು ಅವರಮ್ಮ. ಒಂದು ಹಲ್ಲು ಉಳಿಸಿದೆ, ಇನ್ನೊಂದು ಕೀಳಲೇಬೇಕಾಯಿತು. ಆ ಹಲ್ಲು ಹೋಗಿದ್ದು ನನ್ನಿಂದ. ಇದನ್ನು ಪ್ರತಿ ವರ್ಷ ಹೊಸ ಬ್ಯಾಚಿಗೆ ಹೇಳುತ್ತೇನೆ.

ಈಗ ಒಂದು ಮಗು ಬಂದರೆ ಏನು ಮಾಡುತ್ತೇನೆ ಅಂತ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಈಚೆಗೆ ಬಂದ ಮೂರೂವರೆ ವರ್ಷದ ಹುಡುಗ. ಕೆನ್ನೆ ಊದಿತ್ತು. ಅಜ್ಜಿಯ ಸೆರಗು ಬಿಡಲಿಲ್ಲ. ನಾನು ಮಾಸ್ಕ್ ತೆಗೆದು, ಸ್ಟೂಲ್ ತಗ್ಗಿಸಿ ಅವನ ಎತ್ತರಕ್ಕೆ ಕೂತೆ. ಕುರ್ಚಿಗೆ ಹತ್ತಿಸಲೇ ಇಲ್ಲ. ಅಜ್ಜಿ ಒಂದು ಕಡೆ, ನಾನು ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಅಜ್ಜಿಯ ಸೊಂಟಕ್ಕೆ ಅವನ ಕಾಲು, ನನ್ನ ತೊಡೆಯ ಮೇಲೆ ಅವನ ತಲೆ. ಮೇಲೆ ನೋಡಿದರೆ ಅವನಿಗೆ ಅಜ್ಜಿಯ ಮುಖವೇ ಕಾಣುತ್ತದೆ. ತುಟಿ ಎತ್ತಿ ನೋಡಿದೆ. ಮೇಲಿನ ನಾಲ್ಕೂ ಮುಂದಿನ ಹಲ್ಲು ಕಂದು ಚೂರುಗಳಾಗಿದ್ದವು. ಕೆಳಗಿನ ಮುಂದಿನ ಹಲ್ಲು ಮಾತ್ರ ಮುತ್ತಿನ ಹಾಗೆ ಬೆಳ್ಳಗಿದ್ದವು. ಇದನ್ನು ನೋಡಿದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ. ‘ರಾತ್ರಿ ಬಾಟಲಿ ಇಟ್ಟು ಮಲಗಿಸ್ತೀರಾ ಅಜ್ಜಿ?’ ‘ಹೌದಮ್ಮ, ಸಕ್ಕರೆ ಹಾಕಿ ಕೊಡ್ತೀವಿ, ಇಲ್ಲಾಂದ್ರೆ ನಿದ್ದೆ ಮಾಡಲ್ಲ.’ ಬಾಟಲಿ ಚೀಪುವಾಗ ನಾಲಿಗೆ ಕೆಳಗಿನ ಹಲ್ಲನ್ನು ಮುಚ್ಚಿಕೊಂಡಿರುತ್ತದೆ. ಅದಕ್ಕೇ ಅವು ಉಳಿಯುತ್ತವೆ. ಮೇಲಿನ ಹಲ್ಲಿನ ಸುತ್ತ ಸಿಹಿ ಹಾಲು ರಾತ್ರಿಯಿಡೀ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆಯುವವರು ಯಾರೂ ಇಲ್ಲ.

ಅಜ್ಜಿಗೆ ಬೈಯಲಿಲ್ಲ. ಬೈದರೆ ಅವರು ಮತ್ತೆ ಬರುವುದಿಲ್ಲ. ಬಾಟಲಿಯ ಹಾಲಿಗೆ ಈ ವಾರ ಸಕ್ಕರೆ ಅರ್ಧ ಮಾಡಿ, ಮುಂದಿನ ವಾರ ಸಕ್ಕರೆ ಬೇಡ, ಆಮೇಲೆ ಹಾಲಿನ ಬದಲು ಬರೀ ನೀರು, ಕೊನೆಗೆ ಬಾಟಲಿಯೇ ಬೇಡ ಅಂದೆ. ಊದಿದ ದವಡೆ ಹಲ್ಲಿನ ಕೀವು ಹೊರಗೆ ಹೋಗಲು ಅವತ್ತೇ ದಾರಿ ಮಾಡಿದೆ. ಅದಕ್ಕೆ ತಡ ಮಾಡುವಂತಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತೇ ಅತ್ತ, ನಾನೂ ಪ್ರತಿ ಹೆಜ್ಜೆ ಹೇಳುತ್ತಲೇ ಮಾಡಿದೆ. ಉಳಿದಿದ್ದನ್ನು ಮುಂದಿನ ಭೇಟಿಗಳಿಗೆ ಇಟ್ಟುಕೊಂಡೆ.

ಎರಡನೇ ಭೇಟಿಗೆ ಕನ್ನಡಿ ಅವನ ಕೈಗೇ ಕೊಟ್ಟೆ. ಅಜ್ಜಿಯ ಹಲ್ಲನ್ನು ಅವನೇ ಎಣಿಸಿದ. ನಮ್ಮಲ್ಲಿ ‘ಹೇಳು, ತೋರಿಸು, ಮಾಡು’ ಅನ್ನುವ ಒಂದು ಕ್ರಮವಿದೆ, ನೀವೂ ಓದಿರುತ್ತೀರಿ. 1959ರಲ್ಲಿ ಆಡಲ್‌ಸ್ಟನ್ ಎಂಬ ದಂತವೈದ್ಯರು ಅದನ್ನು ಬರೆದಿಟ್ಟರು. ಪುಸ್ತಕದಲ್ಲಿ ಎರಡು ಸಾಲು ಇರುತ್ತದೆ. ಅದನ್ನು ಕನ್ನಡದಲ್ಲಿ ಮಗುವಿಗೆ ಹೇಳುವುದೇ ದೊಡ್ಡ ಕೆಲಸ. ಬಾಯಿಯ ನೀರು ಎಳೆಯುವ ಸಕ್ಷನ್‌ಗೆ ನಾನು ಹೇಳುವುದು ‘ನೀರು ಕುಡಿಯೋ ಪೈಪು’. ಹಲ್ಲು ಕೊರೆಯುವ ಏರೋಟರ್ ‘ಹಲ್ಲಿಗೆ ಸ್ನಾನ ಮಾಡಿಸೋ ಶವರ್’. ಮೊದಲು ಅವನ ಉಗುರಿನ ಮೇಲೆ ನೀರು ಬಿಡುತ್ತೇನೆ, ಆಮೇಲೆ ಹಲ್ಲಿಗೆ. ಸುಳ್ಳು ಮಾತ್ರ ಹೇಳುವುದಿಲ್ಲ. ‘ನೋಯಲ್ಲ ಪುಟ್ಟ’ ಅಂದು ಚುಚ್ಚಿದರೆ ಆ ಮಗು ನಿಮ್ಮನ್ನು ಇನ್ನೊಂದು ಸಲ ನಂಬುವುದಿಲ್ಲ. ‘ಇರುವೆ ಕಚ್ಚಿದ ಹಾಗೆ ಆಗುತ್ತೆ, ಐದು ಎಣಿಸೋಷ್ಟರಲ್ಲಿ ಹೋಗುತ್ತೆ’ ಅನ್ನುತ್ತೇನೆ, ಐದಕ್ಕೆ ಮುಗಿಸುತ್ತೇನೆ. ಕೇಸ್ ಶೀಟಿನ ಮೇಲೆ ಮಗುವನ್ನು ಮನೆಯಲ್ಲಿ ಕರೆಯುವ ಹೆಸರು, ತಮ್ಮನ ಹೆಸರು, ಸಾಕಿರುವ ನಾಯಿಯ ಹೆಸರು ಬರೆದುಕೊಂಡಿರುತ್ತೇನೆ. ಮುಂದಿನ ಸಲ ಮಾತು ಅಲ್ಲಿಂದಲೇ ಶುರು. ಮಗು ಹೇಗೆ ನಡೆದುಕೊಂಡಿತು ಅಂತ ಫ್ರ್ಯಾಂಕಲ್ ಅಂಕವನ್ನೂ ಪ್ರತಿ ಸಲ ಬರೆಯುತ್ತೇನೆ, ಒಂದರಿಂದ (ಪೂರ್ತಿ ಹಟ) ನಾಲ್ಕರವರೆಗೆ (ಪೂರ್ತಿ ಸಹಕಾರ). ಆ ಹುಡುಗ ಮೊದಲ ದಿನ ಒಂದು. ನಾಲ್ಕನೇ ಭೇಟಿಗೆ ಮೂರು. ದವಡೆ ಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕಿಸಿಕೊಂಡು ‘ನಂಗೆ ಬೆಳ್ಳಿ ಹಲ್ಲು’ ಅಂತ ಹೊರಗೆ ಕೂತಿದ್ದವರಿಗೆಲ್ಲ ತೋರಿಸಿಕೊಂಡು ಹೋದ.

ಇನ್ನು ಪಾಠ. ಕಾಲೇಜಿನಲ್ಲಿ ಸೀನಿಯರ್ ಲೆಕ್ಚರರ್ ಆಗಿ ಸೇರುತ್ತೀರಿ, ಆಮೇಲೆ ರೀಡರ್, ಆಮೇಲೆ ಪ್ರೊಫೆಸರ್. ಕ್ಲಾಸಿನಲ್ಲಿ ನಿಂತು ಪಾಠ ಹೇಳುವುದು ಇದರಲ್ಲಿ ಸುಲಭದ ಭಾಗ. ಕಷ್ಟ ಇರುವುದು ಚೇರ್ ಪಕ್ಕದಲ್ಲಿ. ವಿದ್ಯಾರ್ಥಿಯ ಕೈ ನಡುಗುತ್ತಿರುತ್ತದೆ, ಮಗುವಿಗೆ ಅದು ಗೊತ್ತಾಗುತ್ತದೆ, ತಾಯಿಗೂ ಗೊತ್ತಾಗುತ್ತದೆ. ಆಗ ‘ಸರಿ ಜಾಗ ಬಿಡು, ನಾನು ಮಾಡ್ತೀನಿ’ ಅನ್ನುವುದು ನಮಗೆ ಸುಲಭ. ಹಾಗೆ ಅಂದರೆ ಅವರು ಕಲಿಯುವುದಿಲ್ಲ. ಸುಮ್ಮನಿದ್ದರೆ ಮಗುವಿಗೆ ತೊಂದರೆ. ಇವೆರಡರ ಮಧ್ಯೆ ಎಲ್ಲಿ ಕೈ ಹಾಕಬೇಕು ಅನ್ನುವುದನ್ನು ಕಲಿಯಲು ನನಗೆ ಹತ್ತು ವರ್ಷ ಬೇಕಾಯಿತು. ಈಗ ನಾನು ವಿದ್ಯಾರ್ಥಿಯ ಕೈ ಹಿಡಿಯುವುದಿಲ್ಲ, ಮಗುವಿನ ಕೈ ಹಿಡಿದು ಕೂರುತ್ತೇನೆ. ಇಬ್ಬರಿಗೂ ಧೈರ್ಯ ಬರುತ್ತದೆ.

ನೀವು ಹಳ್ಳಿಯಿಂದ ಬಂದವರು. ಇದು ಪಾಠ ಮಾಡುವಾಗ ನಿಮಗಿರುವ ದೊಡ್ಡ ಬಲ. ನಗರದಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಎಷ್ಟೋ ಮಕ್ಕಳಿಗೆ, ಬೇರೆ ರಾಜ್ಯದಿಂದ ಬಂದವರಿಗೆ, ಒಸಡು, ಹುಳುಕು, ಜುಮ್ಮೆನ್ನುವುದು, ಸೆಳೆತ ಅನ್ನುವ ಮಾತೇ ಗೊತ್ತಿರುವುದಿಲ್ಲ. ‘ಹಲ್ಲು ಚುಳುಕ್ ಅನ್ನುತ್ತೆ’ ಅಂತ ತಾಯಿ ಹೇಳಿದಾಗ ಅದು ಎಂಥ ನೋವು, ಹಲ್ಲು ಇನ್ನೂ ಬದುಕಿದೆಯಾ ಇಲ್ಲವಾ ಅನ್ನುವುದು ಆ ಒಂದು ಮಾತಿನಲ್ಲೇ ಅರ್ಧ ತಿಳಿಯುತ್ತದೆ. ಅದನ್ನು ಕಲಿಸಿ.

ಕ್ಯಾಂಪ್ ಬಗ್ಗೆ ನಾನು ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲೇ ನಾವು ಹೆಚ್ಚು ತಪ್ಪು ಮಾಡುವುದು. ಬ್ಯಾನರ್ ಕಟ್ಟಿ, ಮುನ್ನೂರು ಮಕ್ಕಳ ಬಾಯಿ ನೋಡಿ, ಪೇಸ್ಟ್ ಹಂಚಿ, ಫೋಟೋ ತೆಗೆಸಿಕೊಂಡು ಬಂದರೆ ಅದು ಸೇವೆ ಅಂತ ನಾನೂ ನಂಬಿದ್ದೆ. ಒಂದು ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ‘ಕಾಲೇಜಿಗೆ ಬನ್ನಿ, ಉಚಿತ ಚಿಕಿತ್ಸೆ’ ಅಂತ ಚೀಟಿ ಕೊಟ್ಟೆವು. ಬಂದಿದ್ದು ಮೂರು ಮಕ್ಕಳು. ಮೊದಲು ಆ ಅಪ್ಪ ಅಮ್ಮನ ಮೇಲೆ ಬೇಜಾರಾಯಿತು. ಆಮೇಲೆ ಒಬ್ಬ ತಾಯಿ ಹೇಳಿದರು: ‘ಬಸ್ ಚಾರ್ಜು, ಒಂದಿನದ ಕೂಲಿ, ಮನೇಲಿ ಎಮ್ಮೆ. ಉಚಿತ ಹೆಂಗೆ ಆಗುತ್ತೆ ಮೇಡಂ?’ ಅವತ್ತಿಂದ ಚೀಟಿ ಕೊಟ್ಟು ಬರುವ ಕ್ಯಾಂಪ್ ನಿಲ್ಲಿಸಿದೆ. ಶಾಲೆಗಳ ಸಂಖ್ಯೆ ಕಡಿಮೆ ಮಾಡಿ, ಅದೇ ಶಾಲೆಗಳಿಗೆ ಆರು ತಿಂಗಳಿಗೊಮ್ಮೆ ಹೋಗಲು ಶುರು ಮಾಡಿದೆವು. ಸಾಮಾನು ನಾವೇ ಹೊತ್ತುಕೊಂಡು ಹೋಗುತ್ತೇವೆ.

ಕರೆಂಟ್ ಇಲ್ಲದ ಕೋಣೆಯಲ್ಲೂ ಹಲ್ಲು ತುಂಬಬಹುದು, ಗೊತ್ತಾ? ಮೆತ್ತಗಾದ ಹುಳುಕನ್ನು ಕೈ ಉಪಕರಣದಿಂದಲೇ ಕೆರೆದು ತೆಗೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ ಎಆರ್‌ಟಿ ವಿಧಾನ 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಶುರುವಾಗಿದ್ದು. ಅಲ್ಲಿನ ಹಳ್ಳಿಗಳಲ್ಲಿ ಆಗ ಡ್ರಿಲ್ ಇರಲಿಲ್ಲ, ಕರೆಂಟ್ ಇರಲಿಲ್ಲ. ಎರಡು ಬೆಂಚು ಜೋಡಿಸಿ, ಕಿಟಕಿ ಕಡೆ ತಲೆ ಮಾಡಿ ಮಲಗಿಸಿದರೆ ಬೆಳಕೂ ಸಿಗುತ್ತದೆ. ಸದ್ದಿಲ್ಲದ್ದರಿಂದ ಮಕ್ಕಳು ಹೆದರುವುದೂ ಕಡಿಮೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ಔಷಧಿಯೂ ಇದೆ. ಒಂದು ಹನಿ ಹಚ್ಚಿದರೆ ಹೆಚ್ಚಿನ ಹುಳುಕು ಅಲ್ಲೇ ನಿಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೆ ಹುಳುಕಿನ ಜಾಗ ಕಪ್ಪಾಗುತ್ತದೆ. ಹಚ್ಚುವ ಮುಂಚೆ ತಾಯಿಗೆ ಬೇರೆ ಮಗುವಿನ ಫೋಟೋ ತೋರಿಸಿ, ಒಪ್ಪಿಗೆ ತಗೊಂಡೇ ಹಚ್ಚಿ. ನಾವು ಒಂದು ಸಲ ಶಾಲೆಯ ಒಪ್ಪಿಗೆ ಸಾಕು ಅಂದುಕೊಂಡು ಹಚ್ಚಿಬಿಟ್ಟೆವು. ಮರುದಿನ ‘ಮಗಳ ಹಲ್ಲು ಕಪ್ಪು ಮಾಡಿದ್ದೀರಿ’ ಅಂತ ಒಬ್ಬ ತಂದೆ ಸಿಟ್ಟಿನಿಂದ ಬಂದರು. ಅವರ ಸಿಟ್ಟು ಸರಿ ಇತ್ತು.

ಪಾವಗಡದ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ನಗುವಾಗೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಹಲ್ಲಿನ ಮೇಲೆ ಕಂದು ಪಟ್ಟೆಗಳು. ‘ಹಲ್ಲುಜ್ಜು ಅಂತ ದಿನಾ ಬೈತೀನಿ ಮೇಡಂ’ ಅಂದರು ಮೇಷ್ಟ್ರು. ಅವನು ಇಟ್ಟಿಗೆ ಪುಡಿ, ಉಪ್ಪು ಎಲ್ಲ ಹಾಕಿ ಉಜ್ಜಿದ್ದ, ಒಸಡು ಕಿತ್ತುಹೋಗಿತ್ತು. ಅದು ಕೊಳೆಯಲ್ಲ, ಫ್ಲೋರೋಸಿಸ್. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು, ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹೆಚ್ಚುಕಮ್ಮಿ ಎಂಟು ವರ್ಷದೊಳಗೆ, ಅದನ್ನು ಕುಡಿದರೆ ಹೀಗಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನೀರು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಮೇಷ್ಟ್ರು ಇದನ್ನು ಕೇಳಿ ಇಡೀ ಕ್ಲಾಸಿನ ಮುಂದೆ ಆ ಹುಡುಗನ ಹತ್ತಿರ ‘ನಂದು ತಪ್ಪಾಯ್ತು ಕಣಪ್ಪ’ ಅಂದರು. ಮುಂದಿನ ಸಲ ಹೋದಾಗ ಅವನ ಮುಂದಿನ ಎರಡು ಹಲ್ಲಿಗೆ ಕಲೆ ಕಾಣದ ಹಾಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ಹಚ್ಚಿದೆವು. ತಂಗಿಗೆ ಶುದ್ಧ ನೀರಿನ ಘಟಕದ ನೀರೇ ಕುಡಿಸಬೇಕು ಅಂತ ಅವರಮ್ಮನಿಗೆ ಹೇಳಿ ಬಂದೆವು. ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಗದಗದ ಮುಂಡರಗಿ ಕಡೆ ಕೆಲಸ ಮಾಡುವವರಿಗೆ ಇದು ಗೊತ್ತಿರಲೇಬೇಕು. ಬಾಯಿ ನೋಡುವ ಮುಂಚೆ ಊರಿನ ನೀರು ಯಾವುದು ಅಂತ ಕೇಳಿ. ಪೇಸ್ಟನ್ನು ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಅಂತ ಹೇಳಿಕೊಡಿ. ಟಿವಿಯಲ್ಲಿ ತೋರಿಸುವ ಹಾಗೆ ಬ್ರಶ್ ಉದ್ದಕ್ಕೂ ಬೇಡ.

ಶಾಲೆಗೆ ಹೋಗುವುದರಲ್ಲೂ ಒಂದು ತಡ ಇದೆ. ಆರು ವರ್ಷಕ್ಕೆ ಮಗು ಶಾಲೆಗೆ ಬರುವಷ್ಟರಲ್ಲಿ ಹಾಲುಹಲ್ಲು ಹಾಳಾಗಿರುತ್ತದೆ. ಹಾಗಾಗಿ ನಾನೀಗ ಹೆಚ್ಚು ಹೋಗುವುದು ಅಂಗನವಾಡಿಗೆ, ಲಸಿಕೆ ಹಾಕುವ ದಿನ ಉಪಕೇಂದ್ರಕ್ಕೆ. ಒಂಬತ್ತು ತಿಂಗಳ ಲಸಿಕೆಗೆ ಬರುವ ಮಗುವಿಗೆ ಆಗ ತಾನೇ ಒಂದೆರಡು ಹಲ್ಲು ಬಂದಿರುತ್ತದೆ. ತುಟಿ ಎತ್ತಿ ನೋಡುವುದನ್ನು ಆಶಾ ಕಾರ್ಯಕರ್ತೆಗೆ ಕಲಿಸಿದರೆ ಸಾಕು. ಒಸಡಿನ ಅಂಚಿನಲ್ಲಿ ಸುಣ್ಣದ ಹಾಗೆ ಬಿಳಿ ಗೆರೆ ಕಂಡರೆ ಹುಳುಕು ಶುರು ಅಂತ ಅರ್ಥ, ಆ ಹಂತದಲ್ಲಿ ಅದನ್ನು ನಿಲ್ಲಿಸಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹಲ್ಲಿನ ತೊಂದರೆಯನ್ನೂ ನೋಡಬೇಕು ಅಂತಿದೆ. ಆ ತಂಡದವರ ಜೊತೆ ಪರಿಚಯ ಮಾಡಿಕೊಳ್ಳಿ, ಅವರು ನೀವು ಹೋಗಲಾಗದ ಊರಿಗೂ ಹೋಗುತ್ತಾರೆ.

ಪಿಟಿ ಮೇಷ್ಟ್ರುಗಳಿಗೆ ಒಂದು ಗಂಟೆ ಪಾಠ ಮಾಡಿ. ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರು ಮುಟ್ಟಬಾರದು, ಉಜ್ಜಬಾರದು, ಹಲ್ಲಿನ ಬಿಳಿ ಭಾಗ ಹಿಡಿದು ನೀರಲ್ಲಿ ಒಮ್ಮೆ ಅದ್ದಿ, ಸಾಧ್ಯವಾದರೆ ಅಲ್ಲೇ ಅದರ ಜಾಗಕ್ಕೆ ಕೂರಿಸಬೇಕು, ಆಗದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿ ತಕ್ಷಣ ಹೊರಡಬೇಕು. ಒಂದು ಗಂಟೆಯೊಳಗೆ ಬಂದರೆ ಉಳಿಯುವ ಆಸೆ ಇರುತ್ತದೆ. ಕಿತ್ತು ಬಂದಿದ್ದು ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು. ಒಂದು ಭಾನುವಾರ ಸಂಜೆ ಒಬ್ಬ ಪಿಟಿ ಮೇಷ್ಟ್ರು ಹುಡುಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು, ಟಿಫಿನ್ ಡಬ್ಬಿಯಲ್ಲಿ ಹಾಲು, ಹಾಲಿನಲ್ಲಿ ಹಲ್ಲು ಹಾಕಿಕೊಂಡು ಬಂದಿದ್ದರು. ಆ ಹಲ್ಲು ಈಗಲೂ ಅವಳ ಬಾಯಲ್ಲಿದೆ.

ದುಡ್ಡಿನ ವಿಷಯವನ್ನೂ ಹೇಳಬೇಕು, ಮುಚ್ಚಿಟ್ಟರೆ ತಪ್ಪಾಗುತ್ತದೆ. ನೀಟ್ ಎಂಡಿಎಸ್ ಪ್ರವೇಶ ಪರೀಕ್ಷೆ ಬರೆದು, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಸೀಟು ಸಿಕ್ಕಿದರೆ ಒಳ್ಳೆಯದು. ಖಾಸಗಿ ಸೀಟಿಗೆ ಮನೆ, ಜಮೀನು ಅಡ ಇಡುವುದಾದರೆ ಒಂದು ವರ್ಷ ಮತ್ತೆ ಓದಿ ಪರೀಕ್ಷೆ ಬರೆಯಿರಿ ಅನ್ನುತ್ತೇನೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಮಕ್ಕಳಿಗೇ ಅಂತ ಕ್ಲಿನಿಕ್ ನಡೆಯುತ್ತದೆ. ಹಾಸನದಂಥ ಊರಿನಲ್ಲಿ ಮೊದಲ ಕೆಲವು ವರ್ಷ ಬ್ಯಾಗ್ ಹಿಡಿದು ಬೇರೆಯವರ ಕ್ಲಿನಿಕ್‌ಗಳಿಗೆ ಕನ್ಸಲ್ಟೆಂಟ್ ಆಗಿ ಹೋಗಬೇಕು. ಆರ್ಥೋ ತಗೊಂಡ ಗೆಳತಿ ನಿಮಗಿಂತ ಬೇಗ ಕಾರು ತಗೊಳ್ಳಬಹುದು. ಕಾಲೇಜಿನ ಸಂಬಳ ಮನೆ ನಡೆಸುತ್ತದೆ, ಹಾಗಾಗಿಯೇ ನಾನು ಎರಡನ್ನೂ ಇಟ್ಟುಕೊಂಡೆ. ಕುತ್ತಿಗೆ, ಬೆನ್ನು ನೋವು ಬರುತ್ತದೆ, ಈಗಿನಿಂದಲೇ ಕೂರುವ ರೀತಿ ಸರಿ ಮಾಡಿಕೊಳ್ಳಿ.

ಸೆರೆಬ್ರಲ್ ಪಾಲ್ಸಿ, ಆಟಿಸಂ, ಹೃದಯದ ತೊಂದರೆ ಇರುವ ಮಕ್ಕಳು ನಿಮ್ಮ ಹತ್ತಿರವೇ ಬರುತ್ತಾರೆ. ಬೇರೆ ಕ್ಲಿನಿಕ್‌ಗಳಲ್ಲಿ ‘ಆಗಲ್ಲ’ ಅನ್ನಿಸಿಕೊಂಡು ಬಂದಿರುತ್ತಾರೆ. ಕೆಲವರಿಗೆ ಅರಿವಳಿಕೆ ಕೊಟ್ಟು ಒಂದೇ ಸಲ ಎಲ್ಲ ಹಲ್ಲನ್ನೂ ಮಾಡಬೇಕಾಗುತ್ತದೆ. ಆ ತಾಯಂದಿರ ಜೊತೆ ಕೂತು ಮಾತಾಡಲು ಟೈಮ್ ಇಟ್ಟುಕೊಳ್ಳಿ. ಇಂಥ ದಿನಗಳಲ್ಲಿ ನಾನು ಬೇರೆ ಅಪಾಯಿಂಟ್‌ಮೆಂಟ್ ಕಡಿಮೆ ಕೊಡುತ್ತೇನೆ.

ಮೂರನ್ನೂ ಮಾಡಬಹುದು. ಒಂದೇ ವರ್ಷ ಮೂರನ್ನೂ ಶುರು ಮಾಡಬೇಡಿ ಅಷ್ಟೇ. ಎಂಡಿಎಸ್ ಮುಗಿದ ಮೇಲೆ ಮೊದಲ ಮೂರ್ನಾಲ್ಕು ವರ್ಷ ಮಕ್ಕಳ ಬಾಯಲ್ಲೇ ಕೆಲಸ ಮಾಡಿ, ಕೈ ಕೂರಲಿ. ಜೊತೆಗೆ ಒಂದೇ ಒಂದು ಶಾಲೆ ಹಿಡಿದುಕೊಳ್ಳಿ, ನಿಮ್ಮೂರಿನದ್ದೇ ಆದರೆ ಇನ್ನೂ ಒಳ್ಳೆಯದು.

ನಿಮ್ಮ ಇಂಟರ್ನ್‌ಶಿಪ್ ಮುಗಿಯುವ ಮುಂಚೆ ಒಂದು ಕೆಲಸ ಮಾಡಿ. ಮಕ್ಕಳ ವಿಭಾಗದ ಪೋಸ್ಟಿಂಗ್‌ನಲ್ಲಿ ನಿಮ್ಮ ಹತ್ತಿರ ಅತ್ತ ಮಗು ಯಾವುದಾದರೂ ನೆನಪಿದೆಯಾ? ಫೈಲ್ ಹುಡುಕಿ, ಅವರ ಮನೆಗೆ ಫೋನ್ ಮಾಡಿ, ಮತ್ತೊಮ್ಮೆ ಬರಲು ಹೇಳಿ. ಅವತ್ತು ಏನೂ ಚಿಕಿತ್ಸೆ ಬೇಡ. ಕನ್ನಡಿ ಅವರ ಕೈಗೆ ಕೊಟ್ಟು, ನಿಮ್ಮ ಹಲ್ಲು ಎಣಿಸಲು ಬಿಡಿ. ಆಮೇಲೆ ಏನಾಯಿತು ಅಂತ ನನಗೆ ಬರೆಯಿರಿ.